ಗರ್ಭಸ್ಥ ಶಿಶುವಿಗೆ ನಾವು ಕೊಡುವುದೇನು?

(ಪೀಣ್ಯದ ಸದ್ಭಕ್ತರು ಏರ್ಪಡಿಸಿದ್ದ ಶ್ರಾವಣ ಮಾಸದ ಪ್ರವಚನ ಮಾಲಿಕೆಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ನಮ್ಮಲ್ಲಿ ಒಂದು ಸಂಸ್ಕಾರವುಂಟು. ಮನೆಯ ಹೆಣ್ಣುಮಗಳು ಬಸುರಿಯಾಗಿ ಎಂಟನೆಯ ತಿಂಗಳಿಗೆ ಬಂದಾಗ ಗುರುವನ್ನು ಕರೆಸುತ್ತೀರಿ. ಗುರುವು ಆ ತಾಯಿಗೆ ಇನ್ನೊಂದು ಲಿಂಗವನ್ನು ಅನುಗ್ರಹಿಸುತ್ತಾನೆ. ಆಕೆಗೆ ತನ್ನ ಲಿಂಗ ಮೊದಲೇ ಇದೆ. ಈ ಎರಡನೆಯದು ಒಳಗಿರುವ ಕೂಸಿನದು. ಹೆರಿಗೆಯಾಗುವವರೆಗೆ ತಾಯಿ ಅದನ್ನು ಕೂಸಿನ ಪರವಾಗಿ ಧರಿಸಿರುತ್ತಾಳೆ. ಹುಟ್ಟಿದ ಮೇಲೆ ಅದು ಕೂಸಿಗೆ ಸೇರುತ್ತದೆ. ಇದಕ್ಕೆ ಗರ್ಭಲಿಂಗಧಾರಣೆ ಎಂದು ಹೆಸರು. ಇನ್ನೂ ಕಣ್ಣು ಬಿಡದ, ಹೆಸರಿಲ್ಲದ, ಗಂಡೋ ಹೆಣ್ಣೋ ತಿಳಿಯದ ಜೀವವನ್ನು ನಾವು ಆಗಲೇ ಸಮಾಜದೊಳಗೆ ಸೇರಿಸಿಕೊಂಡುಬಿಡುತ್ತೇವೆ. ಜಗತ್ತಿನಲ್ಲಿ ಬಹಳ ಕಡೆ ಕೂಸು ಹುಟ್ಟಿ ನಾಮಕರಣವಾದ ಮೇಲೆ ಈ ಮಾತು ಬರುತ್ತದೆ. ನಮ್ಮ ಹಿರಿಯರು ಅದಕ್ಕೂ ಮೊದಲೇ ಬಾಗಿಲು ತೆರೆದಿಟ್ಟರು.

ಇಂದು ಈ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ಎಂಟನೆಯ ತಿಂಗಳಲ್ಲಿ ಗುರುವು ಲಿಂಗ ಕೊಡುತ್ತಾನೆ, ಸರಿ. ಅದಕ್ಕೆ ಹಿಂದಿನ ಏಳು ತಿಂಗಳಲ್ಲಿ ಆ ಕೂಸಿಗೆ ಮನೆಯವರಾದ ನೀವು ಏನು ಕೊಟ್ಟಿರಿ? ಅನ್ನ ಕೊಟ್ಟಿರಿ, ಹಾಲು ಕೊಟ್ಟಿರಿ, ಬಯಕೆಯೂಟ ಕೊಟ್ಟಿರಿ. ಅದರ ಜೊತೆಗೆ ಕೆಲವು ಮನೆಗಳಲ್ಲಿ ಹೊಗೆಸೊಪ್ಪು ಹೋಗಿದೆ, ಬೀಡಿಯ ಹೊಗೆ ಹೋಗಿದೆ, ಮದ್ಯವೂ ಹೋಗಿದೆ. ಕೊಟ್ಟವರಿಗೆ ಕೊಟ್ಟೆವೆಂಬ ಅರಿವಿಲ್ಲ. ಪಡೆದ ಜೀವಕ್ಕೆ ಬೇಡವೆನ್ನಲು ಬಾಯಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮಠಕ್ಕೆ ಮಕ್ಕಳನ್ನು ಕರೆತಂದು 'ಬುದ್ಧಿ, ಈ ಮಗುವಿಗೆ ವಿದ್ಯೆ ಹತ್ತುತ್ತಿಲ್ಲ, ಹೇಳಿದ ಮಾತು ನಿಲ್ಲುತ್ತಿಲ್ಲ, ಒಂದು ಆಶೀರ್ವಾದ ಮಾಡಿ' ಎನ್ನುವ ತಂದೆತಾಯಿಗಳನ್ನು ನಾವು ಕಾಣುತ್ತಿದ್ದೇವೆ. ಇಂಥ ಮಕ್ಕಳೆಲ್ಲರ ಕಷ್ಟಕ್ಕೆ ಒಂದೇ ಕಾರಣವೆಂದು ಹೇಳಲಾಗದು. ಆದರೆ ಕೆಲವರ ಕಷ್ಟ ಹುಟ್ಟುವ ಮೊದಲೇ ಆರಂಭವಾಗಿರುತ್ತದೆ.

ಇದು ಈ ಕಾಲದ ಡಾಕ್ಟರುಗಳು ಹೊಸದಾಗಿ ಕಂಡುಹಿಡಿದ ಮಾತೆಂದು ತಿಳಿಯಬೇಡಿರಿ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಎಂಟನೆಯ ಅಧ್ಯಾಯದಲ್ಲಿ, ಗರ್ಭಕ್ಕೆ ಹಾನಿ ಮಾಡುವ ಸಂಗತಿಗಳ ಒಂದು ದೊಡ್ಡ ಪಟ್ಟಿಯಿದೆ. ನಿತ್ಯವೂ ಮದ್ಯಪಾನ ಮಾಡುವ ಗರ್ಭಿಣಿಗೆ ಹುಟ್ಟುವ ಕೂಸು ಬಾಯಾರಿಕೆ ಹೆಚ್ಚಿರುವುದು, ನೆನಪಿನ ಶಕ್ತಿ ಕಡಿಮೆಯಿರುವುದು, ಚಿತ್ತ ಒಂದೆಡೆ ನಿಲ್ಲದಿರುವುದು ಆಗುತ್ತದೆಂದು ಅಲ್ಲಿ ಹೇಳಿದೆ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಈ ಭಾಗವನ್ನು ಉಳಿದ ಸಾಲುಗಳಂತೆಯೇ ಬಾಯಿಪಾಠ ಮಾಡಿ ಮುಂದೆ ಹೋದೆವು. ಅದೇ ಪಟ್ಟಿಯಲ್ಲಿ ಇಂದು ನಾವಾರೂ ಒಪ್ಪದ ಮಾತುಗಳೂ ಇವೆ. ಬಸುರಿ ಅಂಗಾತ ಮಲಗಿದರೆ ಹೊಕ್ಕುಳ ಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಳ್ಳುತ್ತದೆಂಬಂಥವು. ಗ್ರಂಥ ಹಳೆಯದೆಂದು ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ಮದ್ಯದ ಬಗೆಗೆ ಆ ಆಚಾರ್ಯರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂಬುದು ಮುಂದೆ ತಿಳಿಯುತ್ತದೆ.

ಆ ಅಧ್ಯಾಯದಲ್ಲಿ ಜನ ಗಮನಿಸದೆ ಬಿಡುವ ಇನ್ನೊಂದು ಮಾತಿದೆ. ತಾಯಿಯ ತಪ್ಪುಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಚರಕರು, ತಂದೆಯಿಂದ ಬರುವ ದೋಷಗಳನ್ನೂ ಇದೇ ರೀತಿಯಲ್ಲಿ ತಿಳಿಯತಕ್ಕದ್ದೆಂದು ಹೇಳುತ್ತಾರೆ. ಪಟ್ಟಿ ಓದುವವರು ತಾಯಿಯ ಪಾಲನ್ನು ಗಟ್ಟಿಯಾಗಿ ಓದಿ, ತಂದೆಯ ಪಾಲು ಬಂದಾಗ ಪುಸ್ತಕ ಮುಚ್ಚುತ್ತಾರೆ. ಇಲ್ಲಿ ಕುಳಿತಿರುವ ಗಂಡಸರು ಆ ಪುಟವನ್ನು ಇಂದು ತೆರೆದೇ ಇಟ್ಟುಕೊಳ್ಳಬೇಕು.

ಈ ಕಾಲದ ವೈದ್ಯಶಾಸ್ತ್ರ ಏನು ಹೇಳುತ್ತದೆ? ೧೯೬೮ರಲ್ಲಿ ಫ್ರಾನ್ಸ್ ದೇಶದ ನಾಂಟ್ ಎಂಬಲ್ಲಿ ಪಾಲ್ ಲೆಮ್ವಾನ್ ಎಂಬ ವೈದ್ಯರು, ಕುಡಿತದ ಚಟವಿದ್ದ ತಂದೆತಾಯಿಗಳ ಮಕ್ಕಳಲ್ಲಿ ಒಂದೇ ಬಗೆಯ ಲಕ್ಷಣಗಳನ್ನು ಕಂಡು ಬರೆದರು. ೧೯೭೩ರಲ್ಲಿ ಅಮೆರಿಕದ ಸಿಯಾಟಲ್ ನಗರದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಬವರು ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಗರ್ಭದಲ್ಲಿದ್ದಾಗ ತಗುಲಿದ ಮದ್ಯದಿಂದ ಬರುವ ರೋಗವೆಂದು ಅರ್ಥ. ಕೂಸು ಸಣ್ಣದಾಗಿ ಹುಟ್ಟುವುದು, ಸಣ್ಣದಾಗಿಯೇ ಬೆಳೆಯುವುದು, ಕಣ್ಣಿನ ಸೀಳು ಕಿರಿದಾಗಿರುವುದು, ಮೂಗಿಗೂ ಮೇಲ್ತುಟಿಗೂ ನಡುವೆ ಇರಬೇಕಾದ ತಗ್ಗು ಇಲ್ಲದೆ ಚಪ್ಪಟೆಯಾಗಿರುವುದು, ಮೇಲ್ತುಟಿ ತೆಳ್ಳಗಿರುವುದು: ಇವು ಹೊರಗಿನ ಗುರುತುಗಳು. ಒಳಗಿನದು ಮಿದುಳಿನ ಪೆಟ್ಟು. ನೆನಪು ನಿಲ್ಲದು, ಗಮನ ನಿಲ್ಲದು. ಇಂದು ಮಾಡಿದ್ದಕ್ಕೆ ನಾಳೆ ಏನಾಗುತ್ತದೆಂಬ ಲೆಕ್ಕ ಹತ್ತದು. ಚರಕರು ಹೇಳಿದ್ದೂ ಇದನ್ನೇ ಅಲ್ಲವೇ?

ಮುಖದ ಗುರುತು ಇರುವ ಮಕ್ಕಳಿಗಿಂತ ಗುರುತಿಲ್ಲದೆ ಒಳಗೆ ಮಾತ್ರ ಪೆಟ್ಟು ತಿಂದ ಮಕ್ಕಳೇ ಹೆಚ್ಚು. ಆದ್ದರಿಂದ ನೀವು ಮನೆಗೆ ಹೋಗಿ ನೆರೆಮನೆಯ ಮಗುವಿನ ತುಟಿ ನೋಡಿ ತೀರ್ಪು ಕೊಡಬೇಡಿರಿ. ಅದು ಪರೀಕ್ಷೆ ಮಾಡಿದ ವೈದ್ಯರ ಕೆಲಸ.

ಮದ್ಯವು ತಾಯಿಯ ರಕ್ತದಿಂದ ಮಾಸನ್ನು ದಾಟಿ, ಹೊಕ್ಕುಳ ಬಳ್ಳಿಯ ಮೂಲಕ ಕೂಸಿನ ರಕ್ತವನ್ನು ಸೇರುತ್ತದೆ. ತಾಯಿಯ ಯಕೃತ್ತು ಅದನ್ನು ಹೇಗೋ ಕರಗಿಸೀತು. ಕೂಸಿನ ಯಕೃತ್ತು ಇನ್ನೂ ಎಳೆಯದು, ಅದಕ್ಕೆ ಆ ಶಕ್ತಿಯಿಲ್ಲ. ಬ್ರಾಂದಿಯಾಗಲಿ, ಬಿಯರಾಗಲಿ, ವೈನಾಗಲಿ ಒಳಗಿರುವ ವಸ್ತು ಒಂದೇ. ಗರ್ಭಿಣಿಗೆ ಇಷ್ಟು ಕುಡಿದರೆ ಅಪಾಯವಿಲ್ಲವೆಂದು ಹೇಳುವ ಅಳತೆ ಯಾವುದೂ ಗೊತ್ತಾಗಿಲ್ಲ. ಈ ಮಾತನ್ನು ವೈಟ್‌ಫೀಲ್ಡಿನ ಎತ್ತರದ ಮನೆಗಳಲ್ಲಿರುವ ನಮ್ಮ ಭಕ್ತರ ಮಕ್ಕಳಿಗೂ ತಲುಪಿಸಿರಿ. ಕೆಂಪು ವೈನು ರಕ್ತ ಹೆಚ್ಚಿಸುತ್ತದೆ, ಒಂದು ಲೋಟಕ್ಕೆ ಏನೂ ಆಗದು ಎಂದು ಅಲ್ಲಿ ವಿದ್ಯಾವಂತರೇ ಮಾತಾಡಿಕೊಳ್ಳುವುದನ್ನು ಕೇಳಿದ್ದೇವೆ. ರಕ್ತ ಹೆಚ್ಚಬೇಕಾದರೆ ನುಗ್ಗೆಸೊಪ್ಪು ಇದೆ, ಸರ್ಕಾರದವರು ಪುಕ್ಕಟೆಯಾಗಿ ಕೊಡುವ ಕಬ್ಬಿಣಾಂಶದ ಮಾತ್ರೆ ಇದೆ.

ಕಾಲದ ವಿಷಯ ಹೇಳಲೇಬೇಕು. ಮಿದುಳು ಮತ್ತು ಬೆನ್ನುಹುರಿಗೆ ಬುನಾದಿಯಾಗುವ ನಾಳ ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ ರೂಪುಗೊಳ್ಳುತ್ತದೆ. ಮುಖದ ಆಕಾರ ಮೊದಲ ಎರಡು ತಿಂಗಳಲ್ಲಿ ಮೂಡುತ್ತದೆ. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂದೇ ಗೊತ್ತಿರುವುದಿಲ್ಲ. ಹಾಗೆಂದು 'ಆಗುವುದು ಆಗಿಹೋಯಿತು, ಇನ್ನು ಬಿಟ್ಟೇನು ಫಲ' ಎನ್ನಬಾರದು. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತದೆ. ಮೂರರಲ್ಲಿ ಬಿಟ್ಟರೆ ಮೂರರಿಂದ ಲಾಭ, ಆರರಲ್ಲಿ ಬಿಟ್ಟರೆ ಆರರಿಂದ ಲಾಭ. ಇದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು.

ಇಷ್ಟು ಹೊತ್ತು ಮದ್ಯದ ಮಾತಾಯಿತು. ಆದರೆ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಹೆಚ್ಚು ಹತ್ತಿರವಿರುವುದು ಮದ್ಯವಲ್ಲ. ೨೦೧೯ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯ ಸೇವಿಸುವ ಗಂಡಸರು ನೂರಕ್ಕೆ ೨೭.೩, ಹೆಂಗಸರು ೧.೬. ತಂಬಾಕಿನ ಲೆಕ್ಕ ನೋಡಿರಿ. ೨೦೧೬-೧೭ರ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ತಂಬಾಕನ್ನು ಅಗಿಯುವ, ತಿಕ್ಕುವ ಹೆಂಗಸರು ನೂರಕ್ಕೆ ೧೨.೮. ಕುಡಿಯುವ ಹೆಂಗಸಿಗೆ ಊರೆಲ್ಲ ಬೆರಳು ತೋರಿಸುತ್ತದೆ. ಎಲೆಯಡಿಕೆಯ ಚೀಲ ಬಿಚ್ಚಿ ಕಡ್ಡಿಪುಡಿ ತೆಗೆಯುವ ಬಸುರಿಗೆ ಅತ್ತೆಯೇ ಸುಣ್ಣ ಹಚ್ಚಿಕೊಡುತ್ತಾಳೆ! ವಾಕರಿಕೆ ನಿಲ್ಲುತ್ತದೆ, ಹಲ್ಲುನೋವಿಗೆ ಒಳ್ಳೆಯದು ಎಂಬ ಸಮಾಧಾನ ಬೇರೆ. ಉತ್ತರದ ಗಡಿಯ ಕಡೆಯಿಂದ ಬಂದವರಲ್ಲಿ ಮಿಶ್ರಿ ತಿಕ್ಕುವ ರೂಢಿಯೂ ಇದೆ.

ಮುಂಬಯಿಯಲ್ಲಿ ಪ್ರಕಾಶ್ ಗುಪ್ತ ಮತ್ತು ಶ್ರೀವಿದ್ಯಾ ಎಂಬ ಸಂಶೋಧಕರು ೧೨೧೭ ಗರ್ಭಿಣಿಯರನ್ನು ಹೆರಿಗೆಯವರೆಗೆ ಅನುಸರಿಸಿ ಪರಿಶೀಲಿಸಿದರು. ಅದು ಪ್ರಕಟವಾದದ್ದು ೨೦೦೪ರಲ್ಲಿ. ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದ ತಾಯಂದಿರ ಕೂಸುಗಳು ಸರಾಸರಿ ೧೦೫ ಗ್ರಾಂ ಕಡಿಮೆ ತೂಕವಿದ್ದವು, ಸರಾಸರಿ ಆರು ದಿನ ಮೊದಲೇ ಹುಟ್ಟಿದವು. ನೂರು ಗ್ರಾಂ ಎಂದರೆ ಅಂಗಡಿಯಲ್ಲಿ ಒಂದು ಪೊಟ್ಟಣ ಸಾಸಿವೆ, ಅದರಿಂದೇನು ಎಂದೀರಿ. ಒಂದೂಮುಕ್ಕಾಲು ಕಿಲೋ, ಎರಡು ಕಿಲೋ ತೂಗುವ ಕೂಸಿಗೆ ನೂರು ಗ್ರಾಂ ಎಷ್ಟೆಂಬುದನ್ನು ಅದನ್ನು ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಗೆ ಓಡಿದ ತಾಯಿಯನ್ನು ಕೇಳಿರಿ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ ೨೦೧೩ರಲ್ಲಿ ನಿಷೇಧಿಸಿದರು. ಅಂಗಡಿಯವರು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದು ಪೊಟ್ಟಣದಲ್ಲಿ ತೂಗುಹಾಕಿದರು. ಕೊಂಡವರು ಅಂಗೈಯಲ್ಲಿ ಎರಡನ್ನೂ ಕಲಸಿಕೊಂಡರು. ಕಾನೂನಿಗೂ ಅಂಗೈಗೂ ಅಷ್ಟೇ ದೂರ.

ಒಬ್ಬ ಹೆಣ್ಣುಮಗಳು ಏಕೆ ತಂಬಾಕು ಅಗಿಯುತ್ತಾಳೆ? ಏಕೆ ಸಂಜೆಗೆ ಒಂದು ಗುಟುಕು ಹಾಕುತ್ತಾಳೆ? ಬೈಯುವವರು ಇದನ್ನು ಮೊದಲು ವಿಚಾರಿಸಬೇಕು. ಈ ಪೀಣ್ಯ, ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಗಳಲ್ಲಿರುವ ಗಾರ್ಮೆಂಟ್ ತಾಯಂದಿರು ಬೆಳಗಿನ ಜಾವ ಎದ್ದು ಅಡಿಗೆ ಮಾಡಿಟ್ಟು ಹೊರಟರೆ ಮಷೀನಿನ ಮುಂದೆ ಕೂರುವುದು ದಿನವಿಡೀ. ಹಸಿವಾದಾಗ ಎದ್ದು ಉಣ್ಣುವ ಹಾಗಿಲ್ಲ. ತಂಬಾಕು ಹಸಿವನ್ನು ಕೊಲ್ಲುತ್ತದೆ. ಹಾಗಾಗಿ ಅದು ಬಾಯಿ ಸೇರುತ್ತದೆ. ಬಸುರಿಗೆ ಹಸಿವಾಗಬೇಕಾದ ಹೊತ್ತಿನಲ್ಲಿ ಹಸಿವನ್ನೇ ಕೊಂದರೆ ಕೂಸಿಗೆ ಎರಡು ಕಡೆಯಿಂದ ನಷ್ಟ: ವಿಷವೂ ಹೋಯಿತು, ಅನ್ನವೂ ತಪ್ಪಿತು. ವೈಟ್‌ಫೀಲ್ಡಿನ ಆಚೆ ವರ್ತೂರು, ಕಾಡುಗೋಡಿಯ ಕಡೆ, ಇತ್ತ ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬೊಮ್ಮಸಂದ್ರ, ಜಿಗಣಿಯ ಕಡೆ ಹೋಗಿ ನೋಡಿರಿ. ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ದುಡಿಯಲು ಬಂದವರು ಅಲ್ಲಿದ್ದಾರೆ. ದಿನವೆಲ್ಲ ಸಿಮೆಂಟು ಹೊತ್ತು ಮೈಯೆಲ್ಲ ನೋವಾದಾಗ ಗಂಡ ತಾನು ಕುಡಿಯುವುದರಲ್ಲಿ ಹೆಂಡತಿಗೂ ಸ್ವಲ್ಪ ಬಗ್ಗಿಸುತ್ತಾನೆ. ಅದು ಪ್ರೀತಿಯೆಂದೇ ಅವನ ಭಾವನೆ. ಕಟ್ಟಡ ಕಾರ್ಮಿಕರ ೧೯೯೬ರ ಕಾನೂನಿನಲ್ಲಿ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಮಕ್ಕಳಿಗೆ ಕೋಣೆ ಇರಬೇಕೆಂದಿತ್ತು. ೨೦೧೭ರ ತಿದ್ದುಪಡಿಯ ಮೇಲೆ ಹೆರಿಗೆ ರಜೆ ಇಪ್ಪತ್ತಾರು ವಾರ. ನಮ್ಮ ಭಕ್ತರಲ್ಲಿ ಕಾರ್ಖಾನೆ ನಡೆಸುವವರಿದ್ದೀರಿ, ಕಂಟ್ರಾಕ್ಟು ಹಿಡಿಯುವವರಿದ್ದೀರಿ. ಮಠಕ್ಕೆ ಕಾಣಿಕೆ ತರುವಾಗ ಈ ಎರಡನ್ನೂ ಕೊಟ್ಟು ಬಂದಿರೋ ಎಂದು ನಾವು ಕೇಳಬೇಕಾದೀತು.

ಗರ್ಭಿಣಿಯನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ಚರಕರು ಒಂದು ಉಪಮಾನ ಕೊಡುತ್ತಾರೆ. ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವ ಹಾಗೆ. ಇದನ್ನು ಕೇಳಿದವರು ಪಾತ್ರೆಗೆ ಉಪದೇಶ ಮಾಡಲು ಹೋಗುತ್ತಾರೆ: ತುಳುಕಬೇಡ, ಅಲುಗಬೇಡ! ಉಪಮಾನ ಇರುವುದು ಪಾತ್ರೆ ಹೊತ್ತವರಿಗೆ. ಹೊತ್ತವರು ಯಾರು? ಗಂಡ, ಅತ್ತೆ, ಮಾವ, ಮೇಸ್ತ್ರಿ, ಸೂಪರ್‌ವೈಸರು, ಊರವರು, ನಾವು.

ಈಗ ಒಂದು ನಡೆದ ಸಂಗತಿ ಹೇಳುತ್ತೇವೆ. ಯಾರೆಂದು ಕೇಳಬೇಡಿರಿ. ಅಂಥದೇ ಒಂದು ಶೆಡ್ಡಿನಿಂದ ಗಂಡಹೆಂಡತಿ, ಆಕೆಯ ಅತ್ತೆ, ಏಳು ವರ್ಷದ ಒಬ್ಬ ಹುಡುಗ ಮಠಕ್ಕೆ ಬಂದರು. ಹುಡುಗ ಒಂದು ಕ್ಷಣ ಕೂತಲ್ಲಿ ಕೂರಲಿಲ್ಲ. ಶಾಲೆಯವರು 'ಇವನನ್ನು ಇಟ್ಟುಕೊಳ್ಳಲಾಗದು' ಎಂದು ಕಳಿಸಿದ್ದರು. ನಿನ್ನೆ ಕಲಿತ ಅಕ್ಷರ ಇಂದು ಮರೆತುಹೋಗಿರುತ್ತಿತ್ತು. ಬೇಕೆಂದೇ ಮಾಡುತ್ತಾನೆಂದು ಅಪ್ಪ ಬೆಲ್ಟಿನಲ್ಲಿ ಹೊಡೆದಿದ್ದ. ಬೆನ್ನ ಮೇಲೆ ಬಾಸುಂಡೆ ಕಾಣುತ್ತಿತ್ತು. ಅಜ್ಜಿ ಗಾಳಿ ಸೋಕಿದೆಯೆಂದು ಎರಡು ಕಡೆ ತಾಯತ ಕಟ್ಟಿಸಿದ್ದಳು. 'ಅಪ್ಪಾರ, ನೀವೂ ಒಂದು ಕಟ್ಟಿರಿ' ಎಂದಳು. ನಾವು ಹುಡುಗನ ಹಣೆಗೆ ವಿಭೂತಿ ಹಚ್ಚಿದೆವು, ತಾಯತ ಕಟ್ಟಲಿಲ್ಲ. ಮಠದ ಒಬ್ಬ ಹುಡುಗನನ್ನು ಜೊತೆಮಾಡಿ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಮಕ್ಕಳಿಗೇ ಪ್ರತ್ಯೇಕವಾದ ಮಾನಸಿಕ ವಿಭಾಗವಿದೆ.

ಅಲ್ಲಿಯ ವೈದ್ಯರು ಬಸುರಿಯಲ್ಲಿ ಏನಾದರೂ ಸೇವನೆ ಇತ್ತೇ ಎಂದು ಕೇಳಿದಾಗ ಆ ತಾಯಿ ಇಲ್ಲವೆಂದಳು. ಎರಡನೆಯ ಸಲವೂ ಇಲ್ಲವೆಂದಳು. ಮೂರನೆಯ ಸಲ ಹೋದಾಗ ಅತ್ತೆಯನ್ನು ಹೊರಗೆ ಕೂರಿಸಿ ಕೇಳಿದರು. ಆಗ ಹೇಳಿದಳು: ಬಸುರಿಯಿದ್ದಾಗ ದಿನಾ ಸಂಜೆ ಕುಡಿಯುತ್ತಿದ್ದೆ, ಮೈನೋವಿಗೆ, ನಿದ್ದೆಗೆ, ಕೂಸಿಗೆ ಏನಾದರೂ ಆಗುತ್ತದೆಂದು ಯಾರೂ ಹೇಳಲಿಲ್ಲ. ಈ ಮಾತು ಮನೆಗೆ ಮುಟ್ಟಿತು. ಮುಟ್ಟಿದ್ದೇ ತಡ, ಏಳು ವರ್ಷ ಮಗನಿಗೆ ಬಿದ್ದ ಪೆಟ್ಟು ತಾಯಿಗೆ ತಿರುಗಿತು. ಮಗನನ್ನು ಹಾಳು ಮಾಡಿದವಳೆಂದು ಆಕೆಯನ್ನು ತವರಿಗೆ ಅಟ್ಟಬೇಕೆಂದು ಹಿರಿಯರು ಕೂಡಿದರು. ನಮ್ಮ ಬಳಿಗೂ ಒಪ್ಪಿಗೆ ಕೇಳಲು ಬಂದರು.

ನಾವು ಆ ಗಂಡನನ್ನು ಕೇಳಿದೆವು: ಬಾಟಲಿ ತಂದವರು ಯಾರಪ್ಪ? ಅವನು ತಲೆ ತಗ್ಗಿಸಿದ. ಅತ್ತೆಯನ್ನು ಕೇಳಿದೆವು: ಸೊಸೆ ಬಸುರಿಯಿದ್ದಾಗ ಎಷ್ಟನೆಯ ತಿಂಗಳವರೆಗೆ ಸಿಮೆಂಟು ಹೊತ್ತಳಮ್ಮ? ಆಕೆ ಎಂಟು ಎಂದಳು. ಹಿರಿಯರನ್ನು ಏನೂ ಕೇಳಲಿಲ್ಲ. ಅವರೇ ಎದ್ದು ಹೋದರು.

ನಮ್ಮ ಶರಣರು ಸೂತಕಗಳನ್ನು ಒಪ್ಪಲಿಲ್ಲ. ಹೆರಿಗೆಯ ಸೂತಕ, ಮುಟ್ಟಿನ ಸೂತಕ, ಸಾವಿನ ಸೂತಕ, ಎಂಜಲಿನ ಸೂತಕ, ಜಾತಿಯ ಸೂತಕ, ಐದನ್ನೂ ಬಿಡಿಸಿದರು. ನಾವು ಆ ಐದನ್ನು ಬಿಟ್ಟೆವೆಂದು ಹೆಮ್ಮೆಯಿಂದ ಹೇಳಿ, ಆರನೆಯದೊಂದನ್ನು ಈ ತಾಯಂದಿರ ತಲೆಗೆ ಕಟ್ಟುತ್ತಿದ್ದೇವೆ. ಹನ್ನೆರಡನೆಯ ಶತಮಾನದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ. ಆತನ ವೃತ್ತಿ ಹೆಂಡ ಮಾರುವುದು. ತನ್ನಲ್ಲಿಗೆ ಕುಡಿಯಲು ಬಂದವರಿಗೆ ಶಿವಾನುಭವದ ಮಾತು ಹೇಳಿ ಕುಡಿತ ಬಿಡಿಸುತ್ತಿದ್ದನೆಂದು ಆತನ ಚರಿತ್ರೆಯಲ್ಲಿ ಹೇಳುತ್ತಾರೆ. ಕುಡುಕರನ್ನು ಬಿಡಿಸಬೇಕಾದರೆ ಕುಡುಕರು ಬರುವ ಜಾಗದಲ್ಲಿ ಒಬ್ಬ ಶರಣ ಇರಬೇಕಾಯಿತು. ಬಾಗಿಲಲ್ಲಿ ನಿಂತು ಬೈಯುವವನಿಂದ ಆ ಕೆಲಸ ಆಗುತ್ತಿರಲಿಲ್ಲ. ತಾಯಿ ಹೆದರಿದಷ್ಟೂ ಬಚ್ಚಿಡುತ್ತಾಳೆ. ಬಚ್ಚಿಟ್ಟಷ್ಟೂ ಆಸ್ಪತ್ರೆಯಿಂದ ದೂರ ಉಳಿಯುತ್ತಾಳೆ. ಆಮೇಲೆ ಕೂಸಿಗೂ ಚಿಕಿತ್ಸೆ ಸಿಗದು. ಆ ತಾಯಿ ಎರಡು ಸಲ ಸುಳ್ಳು ಹೇಳಿದ್ದು ಏಕೆಂದು ಈಗ ತಿಳಿಯಿತಲ್ಲವೇ?

ಇನ್ನು ಪೂರ್ವಜನ್ಮದ ಕರ್ಮವೆಂದು ಕೈಕಟ್ಟಿ ಕೂರುವವರ ಮಾತು. ಏಳು ವರ್ಷದ ಹುಡುಗನ ಮೇಲೆ ಯಾವ ಜನ್ಮದ ಲೆಕ್ಕ ಬರೆಯುತ್ತೀರಿ? ಈ ಲೆಕ್ಕ ಈ ಜನ್ಮದ್ದು, ನಮ್ಮ ಬೀದಿಯದ್ದು. ಬಸುರಿಗೆ ಕೆಲಸ ಹಗುರ ಮಾಡದವರದ್ದು, ತಿಳಿಸಿ ಹೇಳದವರದ್ದು.

ಇಂಥ ಮಕ್ಕಳಿರುವ ಮನೆಯವರಿಗೆ ಕೆಲವು ಮಾತು ಹೇಳಬೇಕು. ಗರ್ಭದಲ್ಲಿ ಆದ ಪೆಟ್ಟನ್ನು ಅಳಿಸಿಹಾಕುವ ಔಷಧಿ ಇಲ್ಲ. ಇದೆಯೆಂದು ಹಣ ಕೀಳುವವರಿದ್ದಾರೆ, ನಂಬಬೇಡಿರಿ. ಆದರೆ ಮಾಡುವುದು ಬಹಳ ಇದೆ. ಸಿಯಾಟಲ್ಲಿನ ಆನ್ ಸ್ಟ್ರೀಸ್ಗತ್ ಎಂಬ ತಾಯಿ ಇಂಥ ಮಕ್ಕಳನ್ನು ದೊಡ್ಡವರಾಗುವವರೆಗೆ ಹಲವು ವರ್ಷ ನೋಡಿ ಬರೆದಿದ್ದಾರೆ. ಚಿಕ್ಕಂದಿನಲ್ಲಿಯೇ, ಆರು ವರ್ಷದೊಳಗೆ, ಕಾರಣ ಗೊತ್ತಾದ ಮಕ್ಕಳು, ಮತ್ತು ಅಲುಗಾಡದ, ಪ್ರೀತಿಯಿರುವ ಮನೆಯಲ್ಲಿ ಬೆಳೆದ ಮಕ್ಕಳು ಮುಂದೆ ಕಡಿಮೆ ತೊಂದರೆಗೆ ಸಿಕ್ಕಿದರೆಂಬುದು ಅವರು ಕಂಡದ್ದು. ಪ್ರೀತಿಯಿರುವ ಮನೆ! ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಈ ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. 'ಕೈ ತೊಳೆದು ತಟ್ಟೆ ತಂದು ಅಜ್ಜಿಯನ್ನು ಕರೆ' ಎಂದರೆ ಮೂರೂ ಕಳೆದುಹೋಗುತ್ತವೆ. ಕೈ ತೊಳೆ ಎನ್ನಿರಿ. ತೊಳೆದ ಮೇಲೆ ತಟ್ಟೆ ಎನ್ನಿರಿ. ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು ದಿನವೂ ಒಂದೇ ಇರಲಿ. ಗದ್ದಲದಲ್ಲಿ ಇವರಿಗೆ ತಡೆಯಲಾಗದು. ಜಾತ್ರೆ, ಮದುವೆಗಳಲ್ಲಿ ರಂಪ ಮಾಡಿದರೆ ಮೂಲೆಯ ಒಂದು ಶಾಂತ ಜಾಗಕ್ಕೆ ಕರೆದೊಯ್ಯಿರಿ, ನಾಲ್ಕು ಜನರ ಮುಂದೆ ಅವಮಾನ ಮಾಡಬೇಡಿರಿ. ನಿನ್ನೆ ಹೇಳಿದ್ದನ್ನು ಇಂದು ಹೇಳಬೇಕು, ನಾಳೆಯೂ ಹೇಳಬೇಕು. ಹೊಡೆಯುವುದರಿಂದ ಏನೂ ಆಗದು. ಏಕೆಂದರೆ ಹೊಡೆತ ನೆನಪಿರುತ್ತದೆ, ಏತಕ್ಕೆಂಬುದು ಮರೆತುಹೋಗುತ್ತದೆ. ನಾವು ಲಿಂಗಪೂಜೆಯನ್ನು ದಿನವೂ ಅದೇ ಕ್ರಮದಲ್ಲಿ ಬೇಸರವಿಲ್ಲದೆ ಮಾಡುವುದಿಲ್ಲವೇ? ಈ ಮಗುವಿನ ಮುಂದೆಯೂ ಅಷ್ಟು ತಾಳ್ಮೆ ಸಾಕು.

ಇನ್ನೊಂದು ಎಚ್ಚರಿಕೆ. ಬಸುರಿ ದಿನಾ ಬಹಳ ಕುಡಿಯುವ ಅಭ್ಯಾಸದವಳಾಗಿದ್ದರೆ, ಇಲ್ಲವೆ ನೋವಿನ ಮಾತ್ರೆ, ಅಮಲಿನ ಮಾತ್ರೆಗಳಿಗೆ ಬಿದ್ದವಳಾಗಿದ್ದರೆ, ನಮ್ಮ ಮಾತು ಕೇಳಿ ಇಂದು ರಾತ್ರಿಯೇ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂರುವುದು ಅಪಾಯ. ಫಿಟ್ಸು ಬರಬಹುದು, ತಾಯಿಗೂ ಕೂಸಿಗೂ ಜೀವಕ್ಕೆ ಬರಬಹುದು. ವೈದ್ಯರ ಕೈಕೆಳಗೆ ಬಿಡಬೇಕು. ಅಮಲಿನ ಮಾತ್ರೆಗೆ ಒಗ್ಗಿದ ತಾಯಿಯ ಕೂಸು ಹುಟ್ಟಿದ ಮೇಲೆ ಕೀಚಲು ದನಿಯಲ್ಲಿ ಅಳುತ್ತದೆ, ನಡುಗುತ್ತದೆ, ಮೊಲೆ ಹಿಡಿಯದು. ಅದಕ್ಕೆ ಚಿಕಿತ್ಸೆಯಿದೆ. ಮಂದ ಬೆಳಕು, ಗದ್ದಲವಿಲ್ಲದ ಕೋಣೆ, ತಾಯಿಯ ಮೈಗೆ ಮೈ ತಾಗಿಸಿ ಮಲಗಿಸುವುದು ಆ ಚಿಕಿತ್ಸೆಯ ದೊಡ್ಡ ಭಾಗ. ತಾಯಿಯನ್ನು ಕೂಸಿನಿಂದ ದೂರ ಮಾಡುವುದೇ ಶಿಕ್ಷೆಯೆಂದು ತಿಳಿದವರು ಶಿಕ್ಷೆ ಕೊಡುವುದು ಕೂಸಿಗೆ. ನಿಮ್ಹಾನ್ಸಿನಲ್ಲಿ ಹೆರಿಗೆಯ ಆಸುಪಾಸಿನಲ್ಲಿ ಮನೋರೋಗಕ್ಕೆ ಸಿಕ್ಕಿದ ತಾಯಿಯನ್ನೂ ಕೂಸಿನ ಜೊತೆಯಲ್ಲಿಯೇ ಇಟ್ಟು ನೋಡಿಕೊಳ್ಳುವ ವಾರ್ಡನ್ನು ೨೦೦೯ರಲ್ಲಿ ಆರಂಭಿಸಿದರು. ಆ ವೈದ್ಯರಿಗೆ ನಮ್ಮ ನಮಸ್ಕಾರ.

ಬಾಣಂತಿಯ ಶೀತಕ್ಕೆಂದು ಬ್ರಾಂದಿ ಕೊಡುವ, ಹಸುಗೂಸಿನ ತುಟಿಗೆ ಬ್ರಾಂದಿ ಸವರುವ ಅಜ್ಜಿಯರು ಈ ಸಭೆಯಲ್ಲಿಯೂ ಇರಬಹುದು. ಅಜ್ಜಿಯರೇ, ಅದನ್ನು ಇಂದೇ ನಿಲ್ಲಿಸಿಬಿಡಿ. ಮೊಲೆಹಾಲಿನಲ್ಲಿಯೂ ಮದ್ಯ ಇಳಿಯುತ್ತದೆ. ಶೀತಕ್ಕೆ ಬೆಚ್ಚಗಿನ ಬಟ್ಟೆ ಹೊದಿಸಿ, ಅಷ್ಟಕ್ಕೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಎಲ್ಲಿಗೆ ಹೋಗಬೇಕೆಂದು ಕೇಳುತ್ತೀರಿ. ಅಂಗನವಾಡಿಗೆ ಮೊದಲು ಹೋಗಿರಿ. ೧೯೭೫ರ ಗಾಂಧಿ ಜಯಂತಿಯಂದು ದೇಶದಲ್ಲಿ ಅಂಗನವಾಡಿಯ ಯೋಜನೆ ಆರಂಭವಾಯಿತು. ಇಂದು ಅಂಗನವಾಡಿ ಇಲ್ಲದ ಊರು ವಿರಳ. ಆಶಾ ಕಾರ್ಯಕರ್ತೆಯಲ್ಲಿ ಹೆಸರು ಬರೆಸಿ ತಾಯಿ ಕಾರ್ಡು ಮಾಡಿಸಿರಿ. ಊರಿನಲ್ಲಿ ಮಾಡಿಸಿದ್ದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬರಬೇಡಿರಿ, ಜೊತೆಯಲ್ಲಿ ತನ್ನಿರಿ. ಹುಟ್ಟಿದ ಮಗುವಿನಿಂದ ಹದಿನೆಂಟು ವರ್ಷದವರೆಗೆ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ೨೦೧೩ರಿಂದ ನಡೆದಿದೆ. ಬೆಳವಣಿಗೆ ಹಿಂದೆ ಬಿದ್ದ ಮಕ್ಕಳನ್ನು ಅವರೇ ಮುಂದಿನ ಕೇಂದ್ರಕ್ಕೆ ಕಳಿಸುತ್ತಾರೆ. ಫೋನಿನಲ್ಲಿ ಕನ್ನಡದಲ್ಲಿಯೇ ಮಾತಾಡಬೇಕೆಂದರೆ ೧೪೪೧೬ ಎಂಬ ಟೆಲಿಮಾನಸ್ ಸಂಖ್ಯೆಯಿದೆ, ಹಣವಿಲ್ಲ, ಹೆಸರು ಹೇಳಬೇಕೆಂಬ ಕಡ್ಡಾಯವಿಲ್ಲ. ಬುದ್ಧಿಯ ಬೆಳವಣಿಗೆಯಲ್ಲಿ, ಕಲಿಕೆಯಲ್ಲಿ ನೂರಕ್ಕೆ ನಲವತ್ತರಷ್ಟು ಕೊರತೆಯಿದೆಯೆಂದು ವೈದ್ಯರು ಬರೆದುಕೊಟ್ಟರೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನಿನ ಪ್ರಕಾರ ಮಗುವಿಗೆ ಸೌಲಭ್ಯಗಳಿವೆ. ಆ ಕಾಗದ ಮಾಡಿಸಿದರೆ ಮಗಳ ಮದುವೆಗೆ ಅಡ್ಡಿಯಾಗುತ್ತದೆ, ಮನೆತನಕ್ಕೆ ಕೆಟ್ಟ ಹೆಸರು ಬರುತ್ತದೆ ಎಂದು ಮುಚ್ಚಿಡುವವರನ್ನು ಕಂಡು ನಮಗೆ ವ್ಯಥೆಯಾಗಿದೆ.

ಆ ಹುಡುಗನ ವಿಷಯ ಏನಾಯಿತೆಂದು ಮುಂದೆ ಕುಳಿತ ತಾಯಿಯೊಬ್ಬರ ಕಣ್ಣು ಕೇಳುತ್ತಿದೆ. ಅವನು ಈಗ ಬೇರೊಂದು ಸರ್ಕಾರಿ ಶಾಲೆಗೆ ಹೋಗುತ್ತಿದ್ದಾನೆ. ಅಲ್ಲಿಯ ಮೇಡಂ ಅವನನ್ನು ಮುಂದಿನ ಸಾಲಿನಲ್ಲಿ ತಮ್ಮ ಮೇಜಿನ ಪಕ್ಕ ಕೂರಿಸಿಕೊಂಡಿದ್ದಾರೆ. ಅಕ್ಷರ ಬಂದಿವೆ, ಲೆಕ್ಕ ಬಂದಿಲ್ಲ, ಬಾರದೆಯೂ ಇರಬಹುದು. ಅಪ್ಪ ಎರಡು ಸಲ ಕುಡಿತ ಬಿಟ್ಟು ಎರಡು ಸಲ ಹಿಡಿದಿದ್ದಾನೆ. ಈಗ ಮೂರನೆಯ ಸಲ ಬಿಟ್ಟಿದ್ದಾನೆ. ಬೆಲ್ಟನ್ನು ಮಾತ್ರ ಮತ್ತೆ ಮುಟ್ಟಿಲ್ಲ. ತಾಯಿಗೆ ಎರಡನೆಯ ಕೂಸು ಹುಟ್ಟಿತು. ಆ ಬಸುರಿಯಲ್ಲಿ ಗಂಡ, ಅತ್ತೆ ಕೂಡಿ ಆಕೆಯನ್ನು ಸಿಮೆಂಟು ಹೊರಲು ಬಿಡಲಿಲ್ಲ, ಮನೆಯೊಳಗೆ ಬಾಟಲಿ ತರಲಿಲ್ಲ. ಹಬ್ಬಹುಣ್ಣಿಮೆಗೆ ಮಠಕ್ಕೆ ಬಂದಾಗ ಆ ಹುಡುಗ ದಾಸೋಹದ ಪಂಕ್ತಿಯಲ್ಲಿ ಎಲೆ ಹಾಕುತ್ತಾನೆ. ಒಂದು ಎಲೆ ಹಾಕಿ, ನಮ್ಮ ಕಡೆ ನೋಡಿ, ಇನ್ನೊಂದು ಎಲೆ ಹಾಕುತ್ತಾನೆ. ಪಂಕ್ತಿ ಸ್ವಲ್ಪ ತಡವಾಗುತ್ತದೆ. ಭಕ್ತರು ಕಾಯುತ್ತಾರೆ.

ಶ್ರೀಮಠದಿಂದ ಎರಡು ಮಾತು ನಿಶ್ಚಯಿಸಿದ್ದೇವೆ. ಒಂದು, ಗರ್ಭಲಿಂಗಧಾರಣೆಗೆ ಕರೆಯಲು ಬರುವವರು ಎಂಟನೆಯ ತಿಂಗಳವರೆಗೆ ಕಾಯದೆ ಬಸುರಿಯೆಂದು ತಿಳಿದ ಕೂಡಲೇ ಬಂದು ಹೇಳಬೇಕು. ಸಂಸ್ಕಾರ ಅದರ ಕಾಲಕ್ಕೇ ಆಗುತ್ತದೆ, ಆದರೆ ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಈ ಮಾತುಗಳನ್ನು ಮೊದಲೇ ಹೇಳಬೇಕಾಗಿದೆ. ಮದುವೆಯಾಗಿ ಆಶೀರ್ವಾದಕ್ಕೆ ಬರುವ ಹೊಸ ದಂಪತಿಗಳಿಗೂ ಹೇಳುತ್ತೇವೆ, ಗಂಡನಿಗೆ ಮೊದಲು. ಎರಡು, ಬರುವ ಸೋಮವಾರ ಸಂಜೆ ಆರು ಗಂಟೆಗೆ ಇದೇ ಭವನದಲ್ಲಿ ತಾಯಂದಿರಿಗಾಗಿ ಒಬ್ಬ ವೈದ್ಯೆ ಬರುತ್ತಾರೆ. ಅಂದು ಗಂಡಸರು ಹೊರಗಿದ್ದು ಮಕ್ಕಳನ್ನು ನೋಡಿಕೊಳ್ಳಬೇಕು. ಪ್ರಸಾದದ ಕೆಲಸವೂ ಅಂದು ಗಂಡಸರದೇ. ಯಾರಿಗಾದರೂ ನಮ್ಮ ಹತ್ತಿರ ಬೇರೆಯಾಗಿ ಹೇಳಿಕೊಳ್ಳುವುದಿದ್ದರೆ ಪ್ರಸಾದದ ನಂತರ ಹಿಂದಿನ ಕೋಣೆಗೆ ಬರಬಹುದು, ಬಾಗಿಲಲ್ಲಿ ಯಾರನ್ನೂ ಹೆಸರು ಕೇಳಬಾರದೆಂದು ಮರಿಗಳಿಗೆ ಹೇಳಿದ್ದೇವೆ.